ಎಣ್ಣೆಯ ಗೆರೆಯನ್ನು ಒರೆಸುವ ಮೊದಲು

ಸ್ನೇಹಿತರೇ,

ಹಾರಾಟ ಮುಗಿಸಿ ಬಂದ ಸೆಸ್ನಾ 172 ವಿಮಾನದ ಹೊಟ್ಟೆಯಡಿ ಬಗ್ಗಿ ನೋಡಿದರೆ, ಎಂಜಿನ್ ಕೆಳಗಿನಿಂದ ಬಾಲದತ್ತ ಹರಿದ ಒಂದೆರಡು ಕಂದು ಗೆರೆಗಳು ಕಾಣುವುದು ಅಪರೂಪವೇನಲ್ಲ. ಹ್ಯಾಂಗರುಗಳಲ್ಲಿ ಇದಕ್ಕೊಂದು ಸಿದ್ಧ ಉತ್ತರವಿದೆ: ‘ಎಣ್ಣೆ ಜಿನುಗದ ಎಂಜಿನ್‌ನಲ್ಲಿ ಎಣ್ಣೆಯೇ ಇಲ್ಲ ಎಂದರ್ಥ.’ ಹಾಗೆಂದು ಬಟ್ಟೆಯಿಂದ ಒರೆಸಿ ಮುಂದೆ ಹೋಗುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಜಕ್ಕೂರಿನಲ್ಲಾಗಲಿ ಬೇರೆಲ್ಲಾದರಾಗಲಿ ಹಾರಾಟ ಕಲಿಯುತ್ತಿರುವ ನೀವು, ಗೆರೆ ಎಲ್ಲಿಂದ ಬಂತೆಂದು ತಿಳಿಯುವ ಮುಂಚೆ ಅದನ್ನು ಒರೆಸಬೇಡಿ. ಎಂಜಿನ್ ತಾನಾಗಿ ಕೊಟ್ಟ ಸುಳಿವು ಅದು.

ಮೊದಲು ಬಣ್ಣ ನೋಡಿ. ನೀಲಿ ಛಾಯೆಯ ಕಲೆಯಾದರೆ ಅದು ಎಣ್ಣೆಯಲ್ಲ, ಸಣ್ಣ ವಿಮಾನಗಳ ಪೆಟ್ರೋಲಾದ 100ಎಲ್ಎಲ್ ಇಂಧನ. ಅಲ್ಲಿಗೆ ಆ ದಿನದ ಹಾರಾಟ ನಿಂತಿತು. ಚಕ್ರದ ಬಳಿ ಕೆಂಪು ದ್ರವ ಕಂಡರೆ ಅದು ಹೈಡ್ರಾಲಿಕ್ ದ್ರವ, ಬ್ರೇಕ್ ಪರೀಕ್ಷಿಸಬೇಕು. ಹೊಂಬಣ್ಣದಿಂದ ಕಪ್ಪಿನವರೆಗಿನ ಜಿಡ್ಡು ಎಂಜಿನ್ ಎಣ್ಣೆಯದು.

ಹೊಟ್ಟೆಯಡಿಯ ಗೆರೆಗಳಲ್ಲಿ ಬಹುಪಾಲು ಬ್ರೀದರ್ ಕೊಳವೆಯಿಂದ ಬಂದವು. ಉರಿದ ಅನಿಲ ಸ್ವಲ್ಪಮಟ್ಟಿಗೆ ಪಿಸ್ಟನ್ ರಿಂಗುಗಳನ್ನು ದಾಟಿ ಎಂಜಿನ್ನಿನ ಒಡಲಾದ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಅದು ಹೊರಹೋಗಲೆಂದು ಇಟ್ಟಿರುವ ಈ ಕೊಳವೆಯಲ್ಲಿ ಅನಿಲದೊಂದಿಗೆ ಎಣ್ಣೆಯ ತುಂತುರೂ ಹೊರಡುತ್ತದೆ. 172ರಲ್ಲಿ ಬಹಳ ವರ್ಷ ಬಳಸಿದ ಲೈಕಮಿಂಗ್ ಒ-320 ಎಂಜಿನ್‌ನ ಸಂಪ್ (ಅಡಿಯ ಎಣ್ಣೆ ತೊಟ್ಟಿ) ಹಲವು ಮಾದರಿಗಳಲ್ಲಿ 8 ಕ್ವಾರ್ಟ್ ಹಿಡಿಯುತ್ತದೆ. ಕ್ವಾರ್ಟ್ ಎಂದರೆ ಒಂದು ಲೀಟರಿಗೆ ತುಸು ಕಡಿಮೆ. ಎಂಟರ ಗುರುತಿನವರೆಗೆ ತುಂಬಿದರೆ ಮೇಲಿನ ಭಾಗವನ್ನು ಎಂಜಿನ್ ಬೇಗನೆ ಹೊರಗೆ ಊದಿಬಿಡುತ್ತದೆ, ಆಮೇಲೆ ಮಟ್ಟ ನಿಧಾನವಾಗಿ ಇಳಿಯುತ್ತದೆ. ಅದಕ್ಕೇ ಅನೇಕರು ದಿನನಿತ್ಯದ ಹಾರಾಟಕ್ಕೆ ಆರು, ಏಳರ ನಡುವೆ ಇಡುತ್ತಾರೆ. ನಿಮ್ಮ ವಿಮಾನದ ಕೈಪಿಡಿ ಹೇಳುವ ಕನಿಷ್ಠ ಮಟ್ಟಕ್ಕಿಂತ ಕೆಳಗೆ ಮಾತ್ರ ಹೋಗುವಂತಿಲ್ಲ. ಆದ್ದರಿಂದ ಗೆರೆ ಕಂಡಾಗ ಕೇಳಬೇಕಾದ ಮೊದಲ ಪ್ರಶ್ನೆ: ಕಳೆದ ಸಲ ಎಣ್ಣೆ ಹಾಕಿದವರು ಎಲ್ಲಿಯವರೆಗೆ ತುಂಬಿದರು?

ಹೆಚ್ಚು ತುಂಬಿಲ್ಲದಿದ್ದರೂ ಬ್ರೀದರ್ ಒಂದೇ ಸಮನೆ ಉಗುಳುತ್ತಿದ್ದರೆ, ಎಣ್ಣೆ ಬೇಗ ಕಪ್ಪಾಗುತ್ತಿದ್ದರೆ, ರಿಂಗುಗಳ ಮೇಲೆ ಅನುಮಾನಪಡಬೇಕು. ಆಗ ಸಿಲಿಂಡರುಗಳ ಒತ್ತಡ ಪರೀಕ್ಷೆ ಆಗಲೇಬೇಕು. ಕೊಳವೆ ಕಟ್ಟಿಕೊಂಡರೂ ತೊಂದರೆಯೇ. ಚಳಿ ದೇಶಗಳಲ್ಲಿ ಅದರ ತುದಿಯಲ್ಲಿ ನೀರಾವಿ ಹೆಪ್ಪುಗಟ್ಟಿ, ಒಳಗಿನ ಒತ್ತಡ ಏರಿ, ಪ್ರೊಪೆಲ್ಲರ್ ಹಿಂದಿನ ಕ್ರ್ಯಾಂಕ್‌ಶಾಫ್ಟ್ ಸೀಲ್ ಹೊರಗೆ ಕಿತ್ತುಬಂದದ್ದುಂಟು. ನಮ್ಮಲ್ಲಿ ಹಿಮದ ಭಯವಿಲ್ಲದಿದ್ದರೂ ಮಡಚಿದ ಅಥವಾ ಕೊಳೆ ತುಂಬಿದ ಕೊಳವೆ ಮಾಡುವ ಕೆಲಸವೂ ಅದೇ.

ಬ್ರೀದರ್ ಕಾರಣವಲ್ಲವಾದರೆ ಹುಡುಕಾಟ ಎಂಜಿನ್ನಿನ ಹೊರಮುಚ್ಚಳವಾದ ಕೌಲಿಂಗ್ ಒಳಗೆ. ಗಾಳಿ ಎಣ್ಣೆಯನ್ನು ಹಿಂದಕ್ಕೆ ತಳ್ಳುತ್ತದೆ, ಭಾರ ಕೆಳಕ್ಕೆಳೆಯುತ್ತದೆ. ಹಾಗಾಗಿ ಕಲೆಗಿಂತ ಮುಂದೆ ಮತ್ತು ಮೇಲೆ ನೋಡಿ. ಪ್ರತಿ ಸಿಲಿಂಡರಿನ ರಾಕರ್ ಪೆಟ್ಟಿಗೆಯಿಂದ (ವಾಲ್ವುಗಳನ್ನು ಆಡಿಸುವ ಸನ್ನೆಗಳಿರುವ ಭಾಗ) ಎಣ್ಣೆ ಸಂಪಿಗೆ ಮರಳಲು ಬೆರಳಿಗಿಂತ ತೆಳ್ಳಗಿನ ಒಂದು ಲೋಹದ ಕೊಳವೆಯಿದೆ. ಅದು ಸಂಪ್ ಸೇರುವಲ್ಲಿ ಗೇಣಿಗೂ ಚಿಕ್ಕದಾದ ರಬ್ಬರ್ ಹೋಸ್, ಎರಡು ಕ್ಲಾಂಪ್. ಎಂಜಿನ್ ಬಿಸಿಗೆ ಆ ರಬ್ಬರ್ ಗಟ್ಟಿಯಾಗಿ ಸೀಳುತ್ತದೆ. ಕ್ಲಾಂಪಿನ ಅಡಿ ಒಂದು ಹನಿ ನಿಂತಿರುತ್ತದೆ, ಅಷ್ಟೇ. ಹಾರುವಾಗ ಅದೇ ಹನಿ ಹರಡಿ ಅರ್ಧ ಎಂಜಿನ್ನೇ ಜಿಡ್ಡಾದಂತೆ ಕಾಣುತ್ತದೆ. ಪಕ್ಕದಲ್ಲೇ ಸುಡುವ ಎಕ್ಸಾಸ್ಟ್ ಪೈಪ್ ಇರುವುದರಿಂದ ನನಗೆ ಈ ಹನಿ ‘ಚಿಕ್ಕದು’ ಎಂದು ಎಂದೂ ಅನ್ನಿಸುವುದಿಲ್ಲ.

ಜಾಗ ಖಚಿತವಾಗದಿದ್ದರೆ ತಂತ್ರಜ್ಞರು ಎಂಜಿನ್ನನ್ನು ಪೂರ್ತಿ ತೊಳೆದು ಒಣಗಿಸುತ್ತಾರೆ, ಅನುಮಾನದ ಕಡೆ ಬಿಳಿ ಪುಡಿ ಸಿಂಪಡಿಸುತ್ತಾರೆ, ಕೆಲವು ನಿಮಿಷ ಓಡಿಸಿ ಟಾರ್ಚ್ ಮತ್ತು ಕನ್ನಡಿ ಹಿಡಿದು ನೋಡುತ್ತಾರೆ. ಬಿಳಿಯ ಮೇಲೆ ಎಣ್ಣೆ ತನ್ನ ಹುಟ್ಟಿದ ಜಾಗವನ್ನು ತಾನೇ ತೋರಿಸುತ್ತದೆ. ಸ್ಪ್ಯಾನರ್ ಹಿಡಿದು ನೀವೇ ಬಿಗಿ ಮಾಡಲು ಹೋಗಬೇಡಿ. ರಾಕರ್ ಕವರಿನ ಸ್ಕ್ರೂಗಳನ್ನು ಅತಿಯಾಗಿ ತಿರುಗಿಸಿದರೆ ಕವರ್ ಬಾಗಿ ಸೋರಿಕೆ ಹೆಚ್ಚುತ್ತದೆ. ಅದು ಪರವಾನಗಿ ಪಡೆದ ಎಂಜಿನಿಯರ್ ಮಾಡಿ ಸಹಿ ಹಾಕಬೇಕಾದ ಕೆಲಸ.

ಎಣ್ಣೆ ಬದಲಿಸಿದ ನಂತರದ ಮೊದಲ ಓಟದಲ್ಲಿ ಇನ್ನೂ ಎಚ್ಚರ ಬೇಕು. 1983ರ ಮೇ 5ರಂದು ಮಯಾಮಿಯಿಂದ ನಸ್ಸಾವಿಗೆ ಹೊರಟ ಈಸ್ಟರ್ನ್ ಏರ್‌ಲೈನ್ಸ್‌ನ ಎಲ್-1011 ವಿಮಾನದ ಮೂರೂ ಎಂಜಿನ್‌ಗಳು ಎಣ್ಣೆ ಕಳೆದುಕೊಂಡವು. ಲೋಹದ ಚೂರು ಹಿಡಿಯುವ ಪ್ಲಗ್‌ಗಳನ್ನು ಸೋರಿಕೆ ತಡೆಯುವ ರಬ್ಬರ್ ಉಂಗುರವಾದ ಓ-ರಿಂಗ್ ಇಲ್ಲದೆಯೇ ಕೂರಿಸಿದ್ದರು. 172 ಜನರಿದ್ದ ವಿಮಾನ ಒಂದು ಎಂಜಿನ್ನನ್ನು ಮತ್ತೆ ಚಾಲೂ ಮಾಡಿಕೊಂಡು ಮಯಾಮಿಗೆ ಮರಳಿ ಇಳಿಯಿತು. ಅದು ದೊಡ್ಡ ಜೆಟ್, ನಿಜ. ಆದರೆ ನಿಮ್ಮ ವಿಮಾನದ ಫಿಲ್ಟರಿನ ಗ್ಯಾಸ್ಕೆಟ್, ಡ್ರೇನ್ ವಾಲ್ವ್ ಎಲ್ಲಕ್ಕೂ ಆಧಾರ ಅಂಥದೇ ಒಂದು ರಬ್ಬರ್ ಉಂಗುರ. ಎಂಜಿನ್ ಓಡಿಸಿ ನೋಡದೆ ಕೌಲಿಂಗ್ ಮುಚ್ಚಬಾರದು.

ಎಷ್ಟು ಎಣ್ಣೆ ಖರ್ಚಾದರೆ ಸರಿ? ಲೈಕಮಿಂಗ್ ಸೂತ್ರದ ಪ್ರಕಾರ 160 ಅಶ್ವಶಕ್ತಿಯ ಎಂಜಿನ್‌ಗೆ ಗರಿಷ್ಠ ಮಿತಿ ಗಂಟೆಗೆ ಸುಮಾರು ಅರ್ಧ ಕ್ವಾರ್ಟ್. ಆರೋಗ್ಯವಂತ ಎಂಜಿನ್ ಅದರ ಹತ್ತಿರವೂ ಬರುವುದಿಲ್ಲ. ನನಗೆ ಆ ಮಿತಿಗಿಂತ ಮುಖ್ಯವಾದದ್ದು ಬದಲಾವಣೆ: ಹತ್ತು ಗಂಟೆಗೊಮ್ಮೆ ಎಣ್ಣೆ ಕೇಳುತ್ತಿದ್ದ ವಿಮಾನ ನಾಲ್ಕು ಗಂಟೆಗೇ ಕೇಳಿದರೆ, ಹೊಟ್ಟೆ ಎಷ್ಟೇ ಸ್ವಚ್ಛವಾಗಿರಲಿ, ಹಾರುವ ಮೊದಲು ಕಾರಣ ಹುಡುಕಬೇಕು. ಹಾಕಿದ ಪ್ರತಿ ಕ್ವಾರ್ಟನ್ನೂ ಬರೆದಿಟ್ಟಾಗ ಮಾತ್ರ ಇದು ಗೊತ್ತಾಗುತ್ತದೆ.

ವಿಂಡ್‌ಶೀಲ್ಡ್ ಮೇಲೆ ಎಣ್ಣೆ ಬಂದರೆ, ಸುಟ್ಟ ವಾಸನೆ ಬಂದರೆ, ನಿಲ್ಲಿಸಿದ ಜಾಗದಲ್ಲಿ ಮಡುವಾಗುವಷ್ಟು ತೊಟ್ಟಿಕ್ಕಿದರೆ ಅದು ಇಂದಿನ ವಿಷಯವಾದ ಸಣ್ಣ ಗೆರೆಯಲ್ಲ. ಗಾಳಿಯಲ್ಲಿದ್ದಾಗ ಎಣ್ಣೆಯ ಒತ್ತಡ ಇಳಿದು ತಾಪ ಏರತೊಡಗಿದರೆ ಹತ್ತಿರದ ರನ್‌ವೇಗೆ ತಿರುಗಿ. ನೆಲದಲ್ಲಿದ್ದರೆ ಕೀಲಿ ತೆಗೆದು, ವಿಮಾನದ ದೋಷಗಳನ್ನು ದಾಖಲಿಸುವ ಟೆಕ್ ಲಾಗ್‌ನಲ್ಲಿ ಬರೆದು, ಗೆರೆಯ ಒಂದು ಫೋಟೋ ತೆಗೆದಿಟ್ಟು ಎಂಜಿನಿಯರನ್ನು ಕರೆಯಿರಿ. ಅವರು ನೋಡಿದ ಮೇಲೆ ಬಟ್ಟೆ ತೆಗೆದುಕೊಂಡು ಚೆನ್ನಾಗಿ ಒರೆಸಿ. ಮುಂದಿನ ಹಾರಾಟದಲ್ಲಿ ಹೊಸ ಗೆರೆ ಬಂದರೆ ಕಣ್ಣಿಗೆ ಬೀಳಬೇಕು.