ಡಿಬಿಟಿ ಮಾಡೆಲ್: ವ್ಯೂ ಸಾಕಾ, ಟೇಬಲ್ ಬೇಕಾ?

[ಪರದೆ: ಅಂಗಳದಲ್ಲಿ ಒಣಗುತ್ತಿರುವ ಅಡಿಕೆ]

ನಮಸ್ಕಾರ, ಬದಿಯಡ್ಕದಿಂದ ಮಾತಾಡುತ್ತಿದ್ದೇನೆ. ನಮ್ಮ ಕಾಸರಗೋಡು ಕಡೆ ಒಣಗಿದ ಅಡಿಕೆಯನ್ನೆಲ್ಲ ಒಮ್ಮೆಗೇ ಸುಲಿಯುವುದಿಲ್ಲ. ಸಿಪ್ಪೆ ಸಮೇತ ಅಟ್ಟದಲ್ಲಿಟ್ಟು, ದುಡ್ಡು ಬೇಕಾದಾಗ ಸುಲಿಸಿ ಅಂಗಡಿಗೆ ಕೊಡುತ್ತೇವೆ. ಬೇರೆ ಬೇರೆ ಕಡೆಯ ಡೇಟಾ ಒಟ್ಟುಮಾಡಿ ಇಡುವ ಡೇಟಾ ವೇರ್‌ಹೌಸ್‌ನಲ್ಲೂ ಅದೇ ಪ್ರಶ್ನೆ. ಈಗಲೇ ಸುಲಿದಿಡುವುದಾ, ಕೇಳಿದಾಗ ಸುಲಿಯುವುದಾ?

ಡಿಬಿಟಿ (dbt) ಅಂದರೆ ವೇರ್‌ಹೌಸ್‌ನೊಳಗಿನ ಡೇಟಾವನ್ನು ರಿಪೋರ್ಟಿಗೆ ಬೇಕಾದ ರೂಪಕ್ಕೆ ತರುವ ಟೂಲ್. ಅದರಲ್ಲಿ ಮಾಡೆಲ್ ಅಂದರೆ ಒಂದು ಸೆಲೆಕ್ಟ್ ಕ್ವೆರಿ (ಬೇಕಾದ ಡೇಟಾ ಆರಿಸಿ ಕೊಡು ಅಂತ ಹೇಳುವ ಎಸ್‌ಕ್ಯೂಎಲ್) ಇರುವ ಫೈಲ್. ನೀವು ಏನೂ ಹೇಳದಿದ್ದರೆ ಅದು ವ್ಯೂ ಆಗುತ್ತದೆ. ವ್ಯೂನಲ್ಲಿ ಡೇಟಾ ಇರುವುದಿಲ್ಲ, ಯಾರಾದರೂ ರಿಪೋರ್ಟ್ ತೆರೆದಾಗಲೇ ಲೆಕ್ಕ ಶುರು. ಟೇಬಲ್ ಆದರೆ ಡಿಬಿಟಿ ರನ್ ಮಾಡುವಾಗಲೇ ಲೆಕ್ಕ ಮುಗಿದಿರುತ್ತದೆ. ರಿಪೋರ್ಟ್ ಬೇಗ ತೆರೆಯುತ್ತದೆ, ಆದರೆ ಮುಂದಿನ ರನ್ ತನಕ ಹಳೇ ಡೇಟಾನೇ. ಎಫೆಮೆರಲ್ ಅಂತ ಇನ್ನೊಂದಿದೆ. ವೇರ್‌ಹೌಸ್‌ನಲ್ಲಿ ಏನನ್ನೂ ಉಳಿಸದೆ, ಬೇರೆ ಮಾಡೆಲ್‌ನ ಕ್ವೆರಿಯೊಳಗೇ ಸೇರಿಕೊಳ್ಳುತ್ತದೆ. ತಪ್ಪು ಹುಡುಕುವಾಗ ತಲೆನೋವು, ನಾನು ಬಳಸುವುದು ಕಡಿಮೆ.

[ಪರದೆ: ಪ್ರಾಜೆಕ್ಟ್‌ನ ಯಾಮೆಲ್ ಫೈಲ್]

ಈ ಸೆಟ್ಟಿಂಗ್ಸ್ ಫೈಲಿನಲ್ಲಿ ಫೋಲ್ಡರ್ ಹೆಸರಿನ ಕೆಳಗೆ ಪ್ಲಸ್ ಚಿಹ್ನೆ ಹಾಕಿ ‘ಮೆಟೀರಿಯಲೈಜ್ಡ್’, ಎದುರಿಗೆ ‘ಟೇಬಲ್’ ಅಂತ ಬರೆದರೆ ಆ ಫೋಲ್ಡರ್‌ಗೆಲ್ಲ ಅನ್ವಯ. ಸ್ಪೇಸ್ ಸರಿಯಾಗಿ ಹಾಕಿ ಮಾರಾಯ್ರೇ! ಒಂದೇ ಮಾಡೆಲ್ ಬೇರೆ ಥರ ಬೇಕಾದರೆ ಆ ಫೈಲಿನ ಮೇಲ್ಗಡೆ ಕಾನ್ಫಿಗ್ ಸಾಲು ಹಾಕಿ. ಎರಡೂ ಕಡೆ ಬರೆದಿದ್ದರೆ ಫೈಲಿನೊಳಗಿನದ್ದೇ ನಡೆಯುತ್ತದೆ.

ನಾನು ಮೊದಲು ವ್ಯೂ ಇಡುತ್ತೇನೆ. ರಿಪೋರ್ಟ್ ನಿಧಾನ ಆದರೆ ಟೇಬಲ್. ರನ್ನೇ ನಿಧಾನ ಆದರೆ ಮಾತ್ರ ಇನ್‌ಕ್ರಿಮೆಂಟಲ್. ಇದು ಮೊದಲ ಸಲ ಪೂರ್ತಿ ಟೇಬಲ್ ಕಟ್ಟಿ, ಆಮೇಲೆ ಹೊಸ ಸಾಲುಗಳನ್ನಷ್ಟೇ ಸೇರಿಸುತ್ತದೆ. ಯಾವುದು ಹೊಸದು ಅಂತ ಫಿಲ್ಟರ್ ಬರೆದು ಹೇಳಬೇಕಾದವರು ನೀವು. ನಾನು ಎಡವಿದ್ದು ಇಲ್ಲೇ.

[ಪರದೆ: ಅಡಿಕೆ ಖರೀದಿ ಚೀಟಿ]

ಒಂದು ಕಡೆ ಅಡಿಕೆ ಖರೀದಿಯ ಲೆಕ್ಕ ಮಾಡಿಕೊಟ್ಟಿದ್ದೆ. ಟೇಬಲ್‌ನಲ್ಲಿರುವ ಕೊನೆಯ ಚೀಟಿ ತಾರೀಕಿಗಿಂತ ಮುಂದಿನದ್ದು ಮಾತ್ರ ಬರಲಿ ಅಂತ ಫಿಲ್ಟರ್ ಇತ್ತು. 3ನೇ ತಾರೀಕಿನ ಚೀಟಿಯೊಂದನ್ನು 8ಕ್ಕೆ ಎಂಟ್ರಿ ಮಾಡಿದ್ದರು. ಟೇಬಲ್ ಆಗಲೇ 7ಕ್ಕೆ ತಲುಪಿತ್ತು. ಚೀಟಿ ಒಳಗೆ ಬರಲೇ ಇಲ್ಲ. ಎರರ್ ಕೂಡ ಇಲ್ಲ, ರನ್ ಸುಮ್ನೆ ಹಸಿರು ತೋರಿಸಿತು! ತಿಂಗಳ ಕೊನೆಗೆ ಕ್ವಿಂಟಾಲ್ ಲೆಕ್ಕ ತಾಳೆಯಾಗದೆ ಹೋದಾಗಲೇ ಗೊತ್ತಾಗಿದ್ದು.

ಈಗ ಚೀಟಿ ತಾರೀಕು ಬಿಟ್ಟು, ಸಾಲು ಕೊನೆಯದಾಗಿ ಬದಲಾದ ಸಮಯದ ಮೇಲೆ ಫಿಲ್ಟರ್ ಹಾಕಿದ್ದೇನೆ. ಯೂನಿಕ್ ಕೀ ಆಗಿ, ಅಂದರೆ ಒಂದೊಂದು ಸಾಲನ್ನೂ ಗುರುತಿಸಲು, ಚೀಟಿ ನಂಬರ್ ಕೊಟ್ಟಿದ್ದೇನೆ. ಅದಿಲ್ಲದಿದ್ದರೆ ತೂಕ ತಿದ್ದಿದ ಚೀಟಿ ಎರಡೆರಡು ಸಲ ಕೂತುಬಿಡುತ್ತದೆ, ಅಲ್ವಾ? ಫಿಲ್ಟರ್ ತಿದ್ದಿದ ಮೇಲೆ ಒಮ್ಮೆ ಫುಲ್ ರಿಫ್ರೆಶ್ ಕೊಟ್ಟು ರನ್ ಮಾಡಿ. ಟೇಬಲ್ ಬುಡದಿಂದ ಮತ್ತೆ ಕಟ್ಟಿಕೊಳ್ಳುತ್ತದೆ, ಆ 3ನೇ ತಾರೀಕಿನ ಚೀಟಿಯೂ ಒಳಗೆ ಬರುತ್ತದೆ.