ಎಷ್ಟಕ್ಕೆ ಹೊರಡ್ತೀರಿ ಅಲ್ಲ, ಎಷ್ಟರೊಳಗೆ ದಾಟ್ತೀರಿ?

ಮೇ ಬಂತೆಂದರೆ ಬೆಂಗಳೂರಿನಿಂದ ಹಿಮಾಲಯದ ರೂಪಿನ್ ಪಾಸ್, ಬುರಾನ್ ಘಾಟಿ, ಸಾರ್ ಪಾಸ್‌ನಂಥ ಎತ್ತರದ ಟ್ರೆಕ್‌ಗಳ ಕಡೆಗೆ ತಂಡ ತಂಡವಾಗಿ ಹೊರಡ್ತಾರೆ. ಹೊರಡೋ ಮುಂಚೆ ಆಯೋಜಕರ ಹತ್ತಿರ ಶೂ ವಿಚಾರ ಕೇಳ್ತಾರೆ, ಜಾಕೆಟ್ ವಿಚಾರ ಕೇಳ್ತಾರೆ. ಹಿಮದ ಇಳಿಜಾರನ್ನು ಕೊನೆಯವನು ಎಷ್ಟು ಗಂಟೆಯೊಳಗೆ ದಾಟಿರ್ತಾನೆ ಅಂತ ಕೇಳುವವರು ಅಪರೂಪ. ಬೇಸಿಗೆಯ ಹಿಮಾಲಯದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆಯೇ ಅದು, ಯಾಕಂದ್ರೆ ಬಿಸಿಲೇರಿದಂತೆ ಹಿಮಕುಸಿತದ ಅಪಾಯವೂ ಏರುತ್ತೆ.

ಏಪ್ರಿಲ್, ಮೇ ತಿಂಗಳಲ್ಲಿ ಹಿಮಕುಸಿತಕ್ಕೆ ದೊಡ್ಡ ಕಾರಣ ನೀರು. ಬಿಸಿಲಿಗೆ ಮೇಲ್ಪದರ ಕರಗಿ ನೀರು ಒಳಗಿಳಿಯುತ್ತೆ, ಹಿಮದ ಕಣಗಳ ನಡುವಿನ ಬೆಸುಗೆಯನ್ನು ಬಿಡಿಸುತ್ತೆ. ರಾತ್ರಿ ಆಕಾಶ ತಿಳಿಯಾಗಿದ್ದರೆ ಶಾಖ ಮೇಲಕ್ಕೆ ಹೊರಟುಹೋಗಿ ಆ ನೀರು ಮತ್ತೆ ಹೆಪ್ಪುಗಟ್ಟುತ್ತೆ, ಇಳಿಜಾರು ಗಟ್ಟಿಯಾಗುತ್ತೆ. ಮೋಡ ಕವಿದ ರಾತ್ರಿ ಹಾಗಾಗೋದು ಕಷ್ಟ. ಆದ್ದರಿಂದ ಬೆಳಗಿನ ಜಾವ ಮೂರಕ್ಕೆ ಟೆಂಟಿನಿಂದ ಹೊರಗೆ ಬಂದಾಗ ನಕ್ಷತ್ರ ಕಾಣ್ತಿಲ್ಲ, ಬೂಟು ಊರಿದರೆ ಹಿಮ ಮೆತ್ತಗೆ ಕುಸಿಯುತ್ತೆ ಅಂದ್ರೆ, ಆವತ್ತು ಕಡಿದಾದ ಇಳಿಜಾರಿಗೆ ಕಾಲಿಡಬಾರದು. ಮೇಲೊಂದು ತೆಳು ಪದರ ಮಾತ್ರ ಗಟ್ಟಿಯಾಗಿ ಅಡಿಯಲ್ಲಿ ಒದ್ದೆ ಉಳಿಯೋದೂ ಉಂಟು. ಟ್ರೆಕಿಂಗ್ ಕೋಲನ್ನು ಚುಚ್ಚಿ ನೋಡಿ. ಸುಲಭವಾಗಿ ಒಳಗಿಳಿದರೆ ಆ ಗಟ್ಟಿತನವನ್ನು ನಂಬಬೇಡಿ.

ಚೆನ್ನಾಗಿ ಹೆಪ್ಪುಗಟ್ಟಿದ್ದರೂ ಸಿಗೋದು ಕೆಲವೇ ಗಂಟೆ. ಪೂರ್ವಕ್ಕೆ ಮುಖ ಮಾಡಿದ ಇಳಿಜಾರು ಮೊದಲು ಸಡಿಲವಾಗುತ್ತೆ, ಆಮೇಲೆ ದಕ್ಷಿಣ, ಮಧ್ಯಾಹ್ನದ ಮೇಲೆ ಪಶ್ಚಿಮ. ಇಲ್ಲಿ ನಮ್ಮವರು ಮರೆಯೋದು ಗಡಿಯಾರವನ್ನು. ಮೇ ಮಧ್ಯದಲ್ಲಿ ಬೆಂಗಳೂರಿನ ಸೂರ್ಯೋದಯ ಆರಕ್ಕೆ ಹತ್ತಿರ. ಮನಾಲಿಯಲ್ಲಿ ಐದೂವರೆಗಿಂತ ಮುಂಚೆ. ಸಿಕ್ಕಿಂನಲ್ಲಿ ಐದಕ್ಕೂ ಮುಂಚೆ. "ಐದು ಗಂಟೆಗೆ ಹೊರಡ್ತೀವಿ" ಅನ್ನೋದು ಇಲ್ಲಿ ಕೇಳೋಕೆ ಬಹಳ ಬೇಗ ಅನ್ಸುತ್ತೆ. ಸಿಕ್ಕಿಂನ ಪೂರ್ವದ ಇಳಿಜಾರಿಗೆ ಅದು ಆಗಲೇ ತಡ.

ಈಗ ಲೆಕ್ಕ ಹಾಕಿ. ಅಪಾಯದ ಇಳಿಜಾರನ್ನು ಒಬ್ಬೊಬ್ಬರಾಗಿಯೇ ದಾಟಬೇಕು, ಉಳಿದವರು ಸುರಕ್ಷಿತ ಜಾಗದಲ್ಲಿ ನಿಂತು ದಾಟುವವರ ಮೇಲೆ ಕಣ್ಣಿಟ್ಟಿರಬೇಕು. ಒಬ್ಬರಿಗೆ ನಾಲ್ಕು ನಿಮಿಷ ಅಂದ್ರೂ 25 ಜನರಿಗೆ 100 ನಿಮಿಷ. ಅಷ್ಟರಲ್ಲಿ ಬಿಸಿಲು ಬಂದಿರುತ್ತೆ. ಹಾಗಾಗಿ ದೊಡ್ಡ ಬ್ಯಾಚ್‌ಗಳು ಎಲ್ಲರೂ ಒಟ್ಟಿಗೆ, ಸಾಲಾಗಿ ಕೊರಕಲಿಗೆ ನುಗ್ಗುತ್ತವೆ. ಇದು ತಪ್ಪು. ರೂಪಿನ್ ಪಾಸ್ ಕೆಳಗಿನಂಥ ಕಡಿದಾದ ಕೊರಕಲಿಗೆ ಅಷ್ಟು ದೊಡ್ಡ ತಂಡವನ್ನು ಒಂದೇ ಬೆಳಿಗ್ಗೆ ಹತ್ತಿಸುವುದನ್ನು ಆಯೋಜಕರು ನಿಲ್ಲಿಸಬೇಕು.

ಹಿಂದಿರುಗಬೇಕು ಅನ್ನೋದನ್ನು ಹಿಮವೇ ತೋರಿಸುತ್ತೆ. ಮೇಲಿನಿಂದ ಹಿಮದ ಉಂಡೆಗಳು ಉರುಳ್ತಾ ಬರ್ತಿವೆಯಾ? ಬಂಡೆಯ ಬುಡದಿಂದ ಸಣ್ಣ ಜಾರುಗಳು ಶುರುವಾಗಿ ಕೆಳಗೆ ಅಗಲವಾಗ್ತಿವೆಯಾ? ಪಾದದ ಗಂಟಿನವರೆಗೆ ಹೂತರೆ ಇಳಿಯೋ ಹೊತ್ತು ಅದು, ಮೊಣಕಾಲವರೆಗೆ ಕಾಯಬೇಡಿ. ಹೆಚ್ಚಿನ ಕುಸಿತಗಳು 30ರಿಂದ 45 ಡಿಗ್ರಿ ಇಳಿಜಾರಲ್ಲಿ ಹುಟ್ಟುತ್ತವೆ. ಇಳಿಜಾರಿನ ಕೋನ ಅಳೆಯೋಕೆ ಫೋನಿನ ಆ್ಯಪ್ ಸಾಕು. ಆದರೆ ನೀವು ನಿಂತ ಜಾಗ ಸಮತಟ್ಟಾಗಿದ್ದರೂ ತಲೆಯ ಮೇಲಿನ ಇಳಿಜಾರಿನ ಕೋನವೇ ಲೆಕ್ಕಕ್ಕೆ ಬರೋದು.

ಈ ಗಡಿಯಾರಕ್ಕೆ ಬಗ್ಗದ ಕುಸಿತಗಳೂ ಇವೆ. ಹುಲ್ಲು ಅಥವಾ ನುಣುಪು ಬಂಡೆಯ ಮೇಲೆ ಇಡೀ ಹಿಮರಾಶಿ ನಿಧಾನವಾಗಿ ಸರಿದು ಅಗಲವಾದ ಬಿರುಕು ಬಿಟ್ಟಿದ್ದರೆ, ಅದು ನಡುರಾತ್ರಿಯೂ ಬೀಳಬಹುದು. ಅದರ ಕೆಳಗೆ ನಿಲ್ಲಲೇಬೇಡಿ. ಪಶ್ಚಿಮದ ಮಾರುತ ಹೊಸ ಹಿಮ ಸುರಿಸಿ ಹೋದ ಮೇಲೆ ಬರುವ ಮೊದಲ ಬಿಸಿಲಿನ ದಿನವೂ ಅಷ್ಟೇ ಕೆಟ್ಟದ್ದು. ಫೋಟೋಗೆ ಎಲ್ಲರೂ ಕಾಯೋದು ಮಾತ್ರ ಅದೇ ದಿನಕ್ಕೆ.

ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಡಿಜಿಆರ್‌ಇ ಅನ್ನೋ ಪ್ರಯೋಗಾಲಯ ಹಿಮಕುಸಿತದ ಮುನ್ಸೂಚನೆ ಕೊಡುತ್ತೆ. ಅದನ್ನು ನೋಡಿಯೇ ಹೊರಡಿ. ಆದರೆ ಅದು ಜಿಲ್ಲೆ ಮತ್ತು ಎತ್ತರದ ಮಟ್ಟದ್ದು, ನೀವು ಹತ್ತುವ ಕೊರಕಲಿನದ್ದಲ್ಲ.

ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ 2016ರಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಜೀವ ಹಿಡಿದಿದ್ದರು. ಕೊನೆಗೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಅದು ಅಪರೂಪದಲ್ಲಿ ಅಪರೂಪ. ಪೂರ್ತಿ ಹೂತವರನ್ನು ಹದಿನೈದು ನಿಮಿಷದೊಳಗೆ ತೆಗೆದರೆ ಬದುಕುವ ಸಾಧ್ಯತೆ ಚೆನ್ನಾಗಿರುತ್ತೆ, ಅರ್ಧ ಗಂಟೆ ದಾಟಿದರೆ ಬಹುಪಾಲು ಜನ ಉಳಿಯಲ್ಲ. ಒದ್ದೆ ಹಿಮ ನಿಂತ ಕೂಡಲೇ ಕಾಂಕ್ರೀಟಿನಂತೆ ಬಿಗಿಯಾಗುತ್ತೆ, ಬರಿಗೈಯಲ್ಲಿ ಅಗೆಯೋಕಾಗಲ್ಲ. ಪ್ರತಿಯೊಬ್ಬರ ಬಳಿ ಹೂತವರನ್ನು ರೇಡಿಯೋ ಸಂಕೇತದಿಂದ ಪತ್ತೆಹಚ್ಚುವ 457 ಕಿಲೋಹರ್ಟ್ಜ್ ಟ್ರಾನ್ಸ್‌ಸೀವರ್, ಹಿಮಕ್ಕೆ ಚುಚ್ಚಿ ಹುಡುಕುವ ಉದ್ದದ ಕೋಲು (ಪ್ರೋಬ್), ಲೋಹದ ಸಲಿಕೆ ಬೇಕು. ಪ್ಲಾಸ್ಟಿಕ್ ಸಲಿಕೆ ಮುರಿಯುತ್ತೆ. ನಮ್ಮ ಬೇಸಿಗೆ ಟ್ರೆಕ್‌ಗಳಲ್ಲಿ ಹೆಚ್ಚಾಗಿ ಇವು ಮೂರೂ ಇರಲ್ಲ.

ಟೆಂಟ್ ಹಾಕುವಾಗ ಸುತ್ತ ನೋಡಿ. ಭೋಜಪತ್ರದ ಮರಗಳು ಒಂದೇ ದಿಕ್ಕಿಗೆ ಬಾಗಿ ಮುರಿದಿದ್ದರೆ, ಮಣ್ಣು ಕಲ್ಲು ಬೆರೆತ ಕೊಳಕು ಹಿಮ ಕೊರಕಲಿನ ಬಾಯಲ್ಲಿ ಹರಡಿದ್ದರೆ, ಅದು ಕುಸಿತದ ಹಾದಿ. ನೀರು ಹತ್ತಿರ ಅಂತ ಅಲ್ಲಿ ಗೂಟ ಹೊಡೆಯಬೇಡಿ. ಅರ್ಧ ಗಂಟೆ ಹೆಚ್ಚು ನಡೆದರೂ ಸರಿ, ಪಕ್ಕದ ದಿಬ್ಬ ಹತ್ತಿ.