ಮಾನ್ಯಖೇಟ ಇಲೆವೆನ್

ಎಲ್ಲಾರಿಗೂ ನಮಸ್ಕಾರ್ರೀ. ರೇಡಿಯೋ ಹಚ್ಕೊಂಡು ಕುಂತ ಅಣ್ಣಾರು, ಅಕ್ಕಾರು, ಕಾಕಾರು, ಒಂದು ಕೆಲಸ ಮಾಡ್ರಿ. ಮೊಬೈಲ್‌ನ್ಯಾಗ ಕ್ಯಾಲ್ಕುಲೇಟರ್ ತೆಗೀರಿ, ಇಲ್ಲಂದ್ರ ಹಾಳಿ ಪೆನ್ನು ತಗೋರಿ. 142857143 ಅಂತ ಬರೀರಿ. ಸಾವಕಾಶ ಹೇಳ್ತೀನಿ, ಒಂದು, ನಾಕು, ಎರಡು, ಎಂಟು, ಐದು, ಏಳು, ಒಂದು, ನಾಕು, ಮೂರು. ಈಗ ಇದಕ್ಕ ಏಳರಿಂದ ಗುಣಿಸ್ರಿ. ಬಂತಾ? 1000000001. ಆ ತುದಿಗೊಂದು ಒಂದು, ಈ ತುದಿಗೊಂದು ಒಂದು, ನಡುವ ಬರೇ ಸೊನ್ನಿ, ಹಿಂದಿನಿಂದ ಓದಿದ್ರೂ ಅದೇ ಸಂಖ್ಯಾ!

ಈ ಲೆಕ್ಕ ಒಂಬತ್ತನೇ ಶತಮಾನದ್ದು ರೀ. ಮಹಾವೀರಾಚಾರ್ಯರ ಗಣಿತಸಾರಸಂಗ್ರಹದಾಗ ಅದ. ಬಂದ ಉತ್ತರಕ್ಕ ಅವರು ಕೊರಳಿಗೆ ಹಾಕೊಳ್ಳೋ ರತ್ನದ ಹಾರ ಅಂತಾರ. ಗಂಡ ಹೆಂಡ್ತಿ ಜಗಳದಾಗ ಮುತ್ತಿನ ಸರ ಹರೀತದ, ಇಷ್ಟು ಪಾಲು ಹಾಸಿಗಿ ಮ್ಯಾಲ ಬಿತ್ತು, ಇಷ್ಟು ಪಾಲು ಕೆಲಸದಾಕಿ ಕೈಗೆ ಸಿಕ್ತು, ಹಂಗಾರ ಸರದಾಗ ಮುತ್ತೆಷ್ಟಿದ್ವು ಅಂತ ಕೇಳೋದೂ ಇದೇ ಪುಸ್ತಕ. ನಾ ಓದೋದು ಗಣಿತ, ನನ್ನ ರೂಮಿನ ದೋಸ್ತ ಓದೋದು ಕನ್ನಡ, ಹಳಗನ್ನಡದ ಹುಚ್ಚು ನನಗ ಹತ್ತಿಸಿದವ ಅವನೇ, ಆದ್ರ ಈ ಪುಸ್ತಕ ತಂದು ಅವನ ಮುಂದ ಇಟ್ಟವ ನಾನು. ಪುಸ್ತಕದ ಶುರುದಾಗೇ ಹೊಗಳಿದ್ದು ಯಾರಿಗೆ ಗೊತ್ತದ ಏನ್ರಿ? ಅಮೋಘವರ್ಷ ನೃಪತುಂಗಗ. ನಮ್ಮ ಮಳಖೇಡದ ರಾಜಾಗ!

ಮಳಖೇಡ ಅಂದ್ರ ಸೇಡಂ ತಾಲೂಕು, ಕಾಗಿಣಾ ನದಿ ದಂಡಿ, ಕಲಬುರಗಿಯಿಂದ ಒಂದ್ ನಲವತ್ತು ಕಿಲೋಮೀಟರ್ ಆಜುಬಾಜು. ಬಸ್ಸಿನ್ಯಾಗ ಕೇಳಿದ್ರ ಭಾಳ ಮಂದಿ ಸಿಮೆಂಟ್ ಫ್ಯಾಕ್ಟರಿ ಊರಲ್ಲಾ ಅಂತಾರ, ಖರೇನೇ ಅದು, ಆದ್ರ ಅದೇ ಮಾನ್ಯಖೇಟ ನೋಡ್ರಿ, ರಾಷ್ಟ್ರಕೂಟರ ರಾಜಧಾನಿ. ಸುಲೈಮಾನ್ ಅನ್ನೋ ಅರಬ ವ್ಯಾಪಾರಿ ಹೆಸರಿನ್ಯಾಗ 851ರ ಬರಹ ಒಂದದ, ಜಗತ್ತಿನ ನಾಕು ದೊಡ್ಡ ರಾಜರು ಯಾರಂದ್ರ ಬಾಗ್ದಾದಿನ ಖಲೀಫ, ಚೀನಾದ ರಾಜ, ರೂಮ್ ಅಂದ್ರ ಬೈಜಾಂಟಿಯಮ್ಮಿನ ರಾಜ, ಬಲ್ಹರಾ ಅಂತ ಅದರಾಗ ಬರದದ. ಬಲ್ಹರಾ ಅಂದ್ರ ನಮ್ಮವರೇ, ರಾಷ್ಟ್ರಕೂಟರು.

ಇಷ್ಟೆಲ್ಲಾ ಓದಿದ ಮ್ಯಾಲ ಸುಮ್ಮ ಕುಂದ್ರೋದು ಆಗ್ಲಿಲ್ಲ, ಒಂದು ಆಟ ಶುರು ಮಾಡೀವಿ. ಮಾನ್ಯಖೇಟ ಇಲೆವೆನ್, ಕ್ರಿಕೆಟ್ ಟೀಮ್. ರೂಲ್ ಒಂದೇ, ರಾಷ್ಟ್ರಕೂಟರ ಕಾಲದಾಗ, ಅವರ ನೆರಳಿನ್ಯಾಗ ಬರದವರಿಗೆ ಮಾತ್ರ ಜಾಗ, ಮತ್ತ ಹೆಸರು ಹೇಳಿದವ ಅವರದೊಂದು ಪದ್ಯಾನೋ ಲೆಕ್ಕಾನೋ ಓದಿ ತೋರಿಸ್ಬೇಕು.

ಕ್ಯಾಪ್ಟನ್ ಅಮೋಘವರ್ಷ, ಇದರಾಗ ವಾದ ಇಲ್ಲ. 814ರಾಗ ಪಟ್ಟಕ್ಕ ಬಂದಾಗ ಇನ್ನಾ ಹುಡುಗ, 878ರ ತನಕ ಆಳ್ಯಾನ, ಅಷ್ಟೊತ್ತು ಕ್ರೀಸಿನ್ಯಾಗ ನಿಂತವ್ರು ಯಾರದಾರ್ರಿ? ಪ್ರಜೆಗಳ ಮ್ಯಾಲಿನ ಆಪತ್ತು ಹೋಗ್ಲಿ ಅಂತ ಮಹಾಲಕ್ಷ್ಮಿಗೆ ತನ್ನ ಎಡಗೈ ಬೆರಳು ಕೊಟ್ಟ ಅಂತ 871ರ ಸಂಜಾನ ತಾಮ್ರಪಟದಾಗ ಬರದಾರ. ಜೋಡಿ ಓಪನರ್ ಶ್ರೀವಿಜಯ, ಕವಿರಾಜಮಾರ್ಗ ಬರದವ, ನಮಗ ಸಿಕ್ಕಿರೋ ಕನ್ನಡ ಪುಸ್ತಕದಾಗ ಎಲ್ಲಾಕ್ಕಿಂತ ಹಳೇದು. ಮೂರನೇದವ್ರು ಜಿನಸೇನಾಚಾರ್ಯರು, ಅಮೋಘವರ್ಷನ ಗುರು, ಸಂಸ್ಕೃತದಾಗ ಮಹಾಪುರಾಣ ಹಿಡಿದ್ರು, ಮುಗಿಯೂದ್ರೊಳಗ ತೀರ್ಕೊಂಡ್ರು, ಉಳಿದ ಇನ್ನಿಂಗ್ಸ್ ಆಡಿ ಮುಗಿಸಿದವ ಶಿಷ್ಯ ಗುಣಭದ್ರ. ಆಮ್ಯಾಲ ಶಾಕಟಾಯನ, ವ್ಯಾಕರಣ ಬರದು ಅದರ ವ್ಯಾಖ್ಯಾನಕ್ಕ ರಾಜನ ಹೆಸರಿನ್ಯಾಗೇ ಅಮೋಘವೃತ್ತಿ ಅಂತ ಹೆಸರಿಟ್ಟವ. ಮಹಾವೀರಾಚಾರ್ಯರು ಆಲ್‌ರೌಂಡರ್, ರನ್‌ರೇಟಿನ ಲೆಕ್ಕಾನೂ ಅವರದೇ. ಮುಂದ ನಳಚಂಪೂ ಬರದ ತ್ರಿವಿಕ್ರಮ, ಕವಿರಹಸ್ಯ ಬರದ ಹಲಾಯುಧ, ರಾಷ್ಟ್ರಕೂಟರ ರಾಜ ಮೂರನೇ ಕೃಷ್ಣನಿಂದ ಉಭಯಕವಿಚಕ್ರವರ್ತಿ ಅನಿಸ್ಕೊಂಡ ಪೊನ್ನ, ಮತ್ತ ಪುಷ್ಪದಂತ. ಹತ್ತು ಮಂದಿ ಆದ್ರು.

ಶ್ರೀವಿಜಯನ ಬಗ್ಗೆ ಜರಾ ನಿಂತು ಹೇಳ್ತೀನಿ. ಕಾವೇರಿಯಿಂದ ಗೋದಾವರಿ ತನಕ ಕನ್ನಡ ನಾಡು ಅನ್ನೋ ಪದ್ಯ ಎಲ್ಲಾರಿಗೂ ಬಾಯಿಪಾಠ ಅದ, ನವೆಂಬರ್‌ದಾಗ ಎಲ್ಲಾ ಕಡಿ ಕೇಳ್ತದ. ನನಗ ಅದಕ್ಕಿಂತ ಬಕ್ಕಳ ಸೇರೋದು ಇನ್ನೊಂದದ. ಕನ್ನಡದಾಗ ದೇಸಿ ಬೇರೆ ಬೇರೆ, ಹಂಗಾಗಿ ದೋಷ ಇಷ್ಟೇ ಅಂತ ತಿಳ್ಕೊಳ್ಳಾಕ ಹೋದ್ರ ಹಾವುಗಳ ರಾಜ ವಾಸುಗಿಗೂ ಬ್ಯಾಸರ ಆಗ್ತದ ಅಂತಾನ. ಅಂದ್ರ ಸಾವಿರದ ನೂರು ವರ್ಷದ ಹಿಂದೇನೇ ಊರಿಗೊಂದು ಕನ್ನಡ ಇತ್ತು, ಮತ್ತ ರಾಜಧಾನಿದಾಗ ಕುಂತ ಕವಿ ಅದನ್ನ ಬರದಿಟ್ಟಾನ. ನಾ ಈಗ ನಿಮ್ಮ ಮುಂದ ಮಾತಾಡೋ ಈ ಕನ್ನಡಾನೂ ಅದರಾಗ ಒಂದು ನಮೂನಿನೇ ಅಲ್ಲೇನ್ರಿ, ಅದಕ್ಕೇ ರೇಡಿಯೋದಾಗೂ ಹಿಂಗೇ ಮಾತಾಡ್ಲಿಕತ್ತೀನಿ. ಇನ್ನೊಂದು ಪದ್ಯದಾಗ, ಬ್ಯಾರೆಯವರ ವಿಚಾರ, ಬ್ಯಾರೆಯವರ ಧರ್ಮ ಸೈರಿಸೋದೇ ಖರೇ ಬಂಗಾರ ಅಂತಾನ. ಕಸವರಮೆಂಬುದು ನೆರೆ ಸೈರಿಸಲಾರ್ಪೊಡೆ ಪರವಿಚಾರಮಂ ಪರಧರ್ಮಮುಮಂ. ಜೋರಾಗಿ ಓದ್ರಿ, ಹಳಗನ್ನಡ ಮನಸಿನ್ಯಾಗ ಓದಿದ್ರ ಕಠಿಣ ಅನಿಸ್ತದ, ಬಾಯಿ ಬಿಟ್ಟು ಓದಿದ್ರ ಅರ್ಧಾ ಅರ್ಥ ತಾನೇ ಬರ್ತದ. ನಾವು ಹಾಸ್ಟೆಲ್ ಛತ್ತಿನ ಮ್ಯಾಲ ಹಂಗೇ ಓದ್ತೀವಿ.

ಪುಷ್ಪದಂತನ ಸರದಿ ಬಂದಾಗ ಮಾತ್ರ ಗದ್ಲ ಕಡಿಮಿ ಆಯ್ತು. ಅವ ಅಪಭ್ರಂಶ ಅನ್ನೋ ಹಳೇ ಭಾಷಾದ ಕವಿ, ಹೊರಗಿಂದ ಬಂದವ, ಮಾನ್ಯಖೇಟದಾಗ ಮಂತ್ರಿ ಭರತ ಆಸರ ಕೊಟ್ಟ, 965ರಾಗ ಮಹಾಪುರಾಣ ಮುಗಿಸಿದ. 972ರಾಗ ಮಾಳವದ ಪರಮಾರ ಸೀಯಕ ದಂಡೆತ್ತಿ ಬಂದು ಊರು ಲೂಟಿ ಮಾಡಿದ. ದೀನರಿಗೆ ಅನಾಥರಿಗೆ ಧನವಾಗಿದ್ದ, ವಿದ್ವಾಂಸರಿಗೆ ಪ್ರಿಯವಾಗಿದ್ದ ಈ ಪಟ್ಟಣ ಧಾರೆಯ ರಾಜನ, ಅಂದ್ರ ಇದೇ ಸೀಯಕನ, ಸಿಟ್ಟಿನ ಬೆಂಕಿದಾಗ ಸುಟ್ಟೋಯ್ತು, ಇನ್ನ ಪುಷ್ಪದಂತ ಕವಿ ಎಲ್ಲಿ ಇರ್ಬೇಕು ಅಂತ ಅವನದೊಂದು ಶ್ಲೋಕ ಅದ. ನಮ್ಮ ಪಾಠದ ಪುಸ್ತಕದಾಗ ಇದೇ ಸುದ್ದಿ ಇಸವಿ ಸಹಿತ ಒಂದು ಸಾಲಿನ್ಯಾಗ ಮುಗೀತದ. ಅಲ್ಲಿ ಮನಿ ಮಾಡ್ಕೊಂಡಿದ್ದವ ಎಲ್ಲಿ ಹೋಗ್ಲಿ ಅಂತ ಕೇಳಿದ್ದು ಕಾವ್ಯದಾಗ ಸಿಗ್ತದ, ಅದಕ್ಕೇ ನನಗ ಇತಿಹಾಸ ಮತ್ತ ಸಾಹಿತ್ಯ ಎರಡೂ ಜೋಡೀಲೇ ಬೇಕು.

ನಮ್ಮ ಎದುರು ಟೀಮ್ ಬೀದರದ ಹುಡುಗರದು, ಕಲ್ಯಾಣದ ಚಾಲುಕ್ಯರ ಕಾಲದ ಕಲ್ಯಾಣ ಇಲೆವೆನ್. ಅವರದೂ ಕಡಿಮಿ ಇಲ್ರಿ, ಮಿತಾಕ್ಷರ ಅನ್ನೋ ಕಾನೂನಿನ ಪುಸ್ತಕ ಬರದ ವಿಜ್ಞಾನೇಶ್ವರ ಅದಾನ, ಕಾಶ್ಮೀರದಿಂದ ಬಂದ ಬಿಲ್ಹಣ ಅವರ ಫಾರಿನ್ ಪ್ಲೇಯರ್, ಊಟ ಅಡಿಗಿ ತನಕ ಬರದ ಮಾನಸೋಲ್ಲಾಸದ ಸೋಮೇಶ್ವರ ಲಂಚ್ ಬ್ರೇಕ್ ನೋಡ್ಕೋತಾನ. ಆದ್ರ ವಿಜ್ಞಾನೇಶ್ವರ ನಮ್ಮ ಜಿಲ್ಲಾದ ಮರತೂರಿನವ, ಅವನಿಗೆ ಬಿಟ್ಟು ಕೊಡೋದಿಲ್ಲಂತ ನಾವು ತಕರಾರು ಹಾಕೀವಿ, ಅವನು ಕಲ್ಯಾಣದ ರಾಜ ಆರನೇ ವಿಕ್ರಮಾದಿತ್ಯನ ಆಸ್ಥಾನದವ ಅಂತ ಅವರು ಹಿಡದಾರ. ಯಾದಗಿರಿ ಹುಡುಗರಂತೂ ಬೌದ್ಧರ ಕಾಲದ ಟೀಮ್ ಮಾಡ್ತೀವಿ, ಸನ್ನತಿ ಬಾಜು ಕನಗನಹಳ್ಳಿ ಕಲ್ಲಿನ್ಯಾಗ ರಾಯ ಅಸೋಕ ಅಂತ ಹೆಸರು ಸಹಿತ ಮೂರ್ತಿ ಅದ, ಅಶೋಕನೇ ನಮ್ಮ ಕ್ಯಾಪ್ಟನ್ ಅಂತ ಕುಂತಾರ. ಸನ್ನತಿ ನಮ್ಮ ಜಿಲ್ಲಾದ ಚಿತ್ತಾಪುರ ತಾಲೂಕಿಗೆ ಬರ್ತದ, ಹಂಗಾಗಿ ಅಲ್ಲೂ ಜಗಳ ಅದ!

ನಮ್ಮ ಹನ್ನೊಂದನೇ ಜಾಗ ಇನ್ನಾ ಖಾಲಿ. ಯಶಸ್ತಿಲಕ ಬರದ ಸೋಮದೇವಸೂರಿ ಅಂತ ನಾನು, ಅವ ಇದ್ದದ್ದು ರಾಷ್ಟ್ರಕೂಟರ ಸಾಮಂತರ ಕಡಿ, ನಡೆಯಂಗಿಲ್ಲ ಅಂತ ದೋಸ್ತ. ಕೇಳೋ ನೀವು ಏನಂತೀರಿ? ಈ ರವಿವಾರ ಮುಂಜಾನಿ ಸೇಡಂ ಬಸ್ಸಿಗೆ ನಾವೆಲ್ಲಾ ಮಳಖೇಡಕ್ಕ ಹೊಂಟೀವಿ, ಕೋಟಿದಾಗ ಕುಂತು ಕವಿರಾಜಮಾರ್ಗ ಓದ್ಲಿಕ್ಕ. ಬರೋರು ಬರ್ರಿ, ನಿಮ್ಮ ಹನ್ನೊಂದನೇ ಹೆಸರು ಅಲ್ಲೇ ಹೇಳ್ರಿ, ಪದ್ಯ ಮಾತ್ರ ಓದಿ ತೋರಿಸ್ಬೇಕಾಗ್ತದ.